ಬಲದಿಂದ ಎಡಕ್ಕೆ ಹೋದ ಬೆಂಕಿ

2015ರ ಫೆಬ್ರವರಿ ಕೊನೆ. ಯಲಹಂಕದ ಏರ್ ಶೋ ಮುಗಿದು ವಾರವೂ ಆಗಿರಲಿಲ್ಲ. ಹಾಗಾಗಿ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಊರಿನ ಬಡಗಣ ಆಕಾಶದಲ್ಲಿ ಹಸಿರು ಬೆಂಕಿಯುಂಡೆಯೊಂದು ಉರಿದುಕೊಂಡು ಓಡಿದಾಗ, ಅದು ಆರಿದ ಮೇಲೆ ಗುಡುಗಿನಂಥ ಸದ್ದು ಕೇಳಿದಾಗ, ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಮಾತು: ವಿಮಾನ ಬಿತ್ತು. ಹೆಬ್ಬಾಳದ ಫ್ಲೈಓವರ್ ಮೇಲೆ ಬೈಕುಗಳು ನಿಂತವು. ಅಲ್ಲಾಳಸಂದ್ರದ ಕೆರೆ ಏರಿ ಮೇಲೆ ವಾಕಿಂಗ್ ಹೊರಟಿದ್ದವರು ಮನೆಗೆ ಓಡಿ ಟೀವಿ ಹಾಕಿದರು. ಯಾವ ವಿಮಾನವೂ ಬಿದ್ದಿಲ್ಲ, ಅದು ಉಲ್ಕೆ ಎಂದು ಟೀವಿಯವರೇ ಹೇಳಿದ ಮೇಲೂ ನಂಬದವರು ಬೇಕಾದಷ್ಟು ಜನ ಇದ್ದರು.

ಸುಮಾ ಅದನ್ನು ನೋಡಲಿಲ್ಲ. ಹೆಬ್ಬಾಳದ ಹತ್ತಿರ ಮಳೆಗಾಳಿಯ ಅಧ್ಯಯನ ಮಾಡುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಬೆಂಕಿ ಓಡುವಾಗ ಅವಳು ಕಿಟಕಿಯಿಲ್ಲದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಆದರೆ ಅವರ ಕಟ್ಟಡದ ಮಾಳಿಗೆ ಮೇಲೆ ಪರೀಕ್ಷೆಗೆಂದು ಕೂರಿಸಿದ್ದ ಸಣ್ಣ ಮಳೆ ರೇಡಾರ್ ಮಾತ್ರ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಮಾರನೆಯ ಬೆಳಿಗ್ಗೆ ಅದರ ಚಿತ್ರಗಳನ್ನು ತೆಗೆದು ನೋಡಿದಾಗ, ಒಂದು ತುಣುಕು ಮೋಡವೂ ಇಲ್ಲದ ಆಕಾಶದಲ್ಲಿ ಉಪ್ಪಿನ ಹರಳು ಚೆಲ್ಲಿದ ಹಾಗೆ ಚುಕ್ಕೆಗಳಿದ್ದವು. ಮೊದಲು ಎತ್ತರದಲ್ಲಿ, ಆಮೇಲೆ ಕೆಳಗೆ, ಇನ್ನೂ ಕೆಳಗೆ.

"ಇದು ಬೀಳ್ತಾ ಇರೋ ಕಲ್ಲು ಕಣೇ ಸುಮಾ," ಅಂದ ಪಕ್ಕದ ಕುರ್ಚಿಯ ಮಹೇಂದ್ರ. "ಬೆಂಕಿ ಆರಿದ್ಮೇಲೆ ಕಲ್ಲು ಸುಮ್ನೆ ಕತ್ತಲಲ್ಲಿ ಇಳಿಯುತ್ತಲ್ಲ, ಅದನ್ನ ನಮ್ ರೇಡಾರ್ ಹಿಡಿದಿದೆ."

"ಹಕ್ಕಿ ಯಾಕಿರಬಾರದು?"

ಅದೇ ತೊಡಕಾಗಿತ್ತು. ಚುಕ್ಕೆಗಳ ಗುಂಪು ಎರಡಿದ್ದವು. ಒಂದು ಹೆಸರಘಟ್ಟ ಕೆರೆಯ ಮೇಲೆ, ಇನ್ನೊಂದು ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆ. ಒಂದು ಗುಂಪು ಗೂಡಿಗೆ ಮರಳುವ ಹಕ್ಕಿಗಳದ್ದು, ಇನ್ನೊಂದು ಕಲ್ಲಿನದು. ಯಾವುದು ಯಾವುದೆಂದು ರೇಡಾರಿನಿಂದಲೇ ಹೇಳುವಂತಿರಲಿಲ್ಲ. ಕಣ್ಣಾರೆ ಕಂಡವರನ್ನು ಕೇಳಬೇಕಿತ್ತು.

ಮಹೇಂದ್ರ ಪತ್ರಿಕೆಗಳಲ್ಲಿ ಒಂದು ಸಣ್ಣ ಪ್ರಕಟಣೆ ಹಾಕಿಸಿದ. ಫೋನುಗಳು ಬಂದವು. ಸುಮಾ ದಿಕ್ಸೂಚಿ ಹಿಡಿದು ಸ್ಕೂಟಿ ಹತ್ತಿದಳು. ಕಂಡವರನ್ನು ಅವರು ಅವತ್ತು ನಿಂತಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸಿ, "ಎಲ್ಲಿ ಕಾಣ್ತು, ಎಲ್ಲಿ ಆರಿತು, ಕೈ ಮಾಡಿ ತೋರ್ಸಿ" ಅನ್ನುವುದು, ಆ ಕೈ ತೋರಿದ ಗೆರೆಯನ್ನು ನಕ್ಷೆಯಲ್ಲಿ ಎಳೆಯುವುದು. ಬೇರೆ ಬೇರೆ ಜಾಗದ ಗೆರೆಗಳು ಕೂಡುವ ಕಡೆ ಕಲ್ಲು ಬಿದ್ದಿರಬೇಕು. ಜನಕ್ಕೂ ಹುರುಪು. ಆರ್.ಟಿ. ನಗರದ ಎಳನೀರಿನವನು ಗಾಡಿ ಬಿಟ್ಟು ಬಂದು ರಸ್ತೆ ನಡುವೆ ನಿಂತು ತೋರಿಸಿದ. ಯಲಹಂಕದ ಮುನಿಕೆಂಪಮ್ಮ ಅನ್ನುವ ಅಜ್ಜಿ, ತಾನು ಬಟ್ಟೆ ತೆಗೆಯುತ್ತಿದ್ದ ತಂತಿಯನ್ನೇ ತೋರಿಸಿ, "ಈ ತುದಿಯಿಂದ ಆ ತುದಿಗೆ ಓಯ್ತು ನೋಡವ್ವ" ಅಂದಳು.

ಎಲ್ಲರೂ ಹೇಳಿದ್ದು ಒಂದೇ: ಎಡದಿಂದ ಬಲಕ್ಕೆ. ಒಬ್ಬನನ್ನು ಬಿಟ್ಟು. ಆ ಒಬ್ಬ ಸುಮಾಳ ಅಪ್ಪ ಭೀಮರಾಜ್.

ಭೀಮರಾಜ್ ಅಲ್ಲಾಳಸಂದ್ರದ ಹಳೇ ಮನೆತನದವನು. ಯಲಹಂಕದ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಐವತ್ತೆಂಟು ಆಗಿದ್ದರೂ ನೆಟ್ಟಗಿದ್ದ. ಮಾತು ಕಮ್ಮಿ. ಸಂಜೆ ಹೊತ್ತು ಲೋಡು ಬರುತ್ತದೆ ಅಂತ ಮನೆಗೆ ಬರುವುದು ಎಂಟು ಗಂಟೆಯ ಮೇಲೆಯೇ. ಮಗಳು ಉಲ್ಕೆ ಬೆನ್ನು ಹತ್ತಿದ್ದಾಳೆಂದು ತಿಳಿದಾಗ ಅವನು ಎಂದೂ ಇಲ್ಲದ ಉತ್ಸಾಹದಿಂದ ತಾನಾಗಿಯೇ ಹೇಳಿದ್ದ:

"ನಾನೂ ನೋಡ್ದೆ ಕಣಮ್ಮ. ಮೊದ್ಲು ಕಿಟಕಿ ಸರಳಿನ ನೆರಳು ಗೋಡೆ ಮೇಲೆ ಓಡ್ತು. ಇದೇನಪ್ಪಾ ಅಂತ ತಿರುಗಿ ನೋಡಿದ್ರೆ ಬೆಂಕಿ. ಬಲಗಡೆಯಿಂದ ಎಡಗಡೆಗೆ ಇಳ್ಕೊಂಡು ಹೋಯ್ತು. ಎಂಥಾ ಹಸಿರು ಅಂತೀಯ!"

"ಎಲ್ಲಿದ್ದೆ ಆಗ?"

"ಎಲ್ಲಿರ್ತೀನಿ? ಗೋಡೌನ್‌ನಲ್ಲಿ."

ಅವನು ಕೈ ಮಾಡಿ ತೋರಿಸಿದ ದಿಕ್ಕನ್ನು ಅವಳು ಬರೆದುಕೊಂಡಳು. ನಕ್ಷೆಯಲ್ಲಿ ಗೋಡೌನಿನಿಂದ ಎಳೆದರೆ ಅಪ್ಪನ ಗೆರೆ ಯಾರ ಗೆರೆಗೂ ಕೂಡಲಿಲ್ಲ. ದೇವನಹಳ್ಳಿಯ ಕಡೆ ಎಲ್ಲೋ ಹೋಗಿ ಬಿಟ್ಟಿತು. ಮಹೇಂದ್ರ, "ಅಂಕಲ್‌ಗೆ ಎಡ-ಬಲ ಕನ್‌ಫ್ಯೂಸ್ ಆಗಿದೆ, ಬಿಡು," ಅಂದ. ಸುಮಾಗೆ ಬಿಡಲು ಮನಸ್ಸಾಗಲಿಲ್ಲ. ನೆರಳು ಗೋಡೆ ಮೇಲೆ ಓಡಿದ್ದನ್ನು ಹೇಳುವ ಮನುಷ್ಯ ಎಡ-ಬಲ ತಪ್ಪುವನೆ? ಸಾಲದ್ದಕ್ಕೆ ಉಳಿದವರೆಲ್ಲ ಒಂದೇ ಮಗ್ಗುಲಿನವರು, ಹೆಬ್ಬಾಳದಿಂದ ಯಲಹಂಕದವರೆಗಿನ ಜನ. ಅವರ ಗೆರೆಗಳು ಜೋಡಿ ಎತ್ತುಗಳ ಹಾಗೆ ಒತ್ತೊತ್ತಿಗೆ ಹೋಗುತ್ತಿದ್ದವು, ಒಂದನ್ನೊಂದು ಸರಿಯಾಗಿ ಕತ್ತರಿಸುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅವಳು ಅಪ್ಪನಿಗೆ ಹೇಳದೆ ಗೋಡೌನಿಗೆ ಹೋದಳು. ಅಪ್ಪ ಬ್ಯಾಂಕಿಗೆ ಹೋಗಿದ್ದ. ಗೇಟಿನಲ್ಲಿ ಕೂತಿದ್ದ ಅನ್ವರ್ ಅವಳನ್ನು ಚಿಕ್ಕವಳಿಂದ ಬಲ್ಲವನು.

"ಅಪ್ಪ ಕೂರೋ ರೂಮಿನ ಕಿಟಕಿ ಯಾವ ಕಡೆಗಿದೆ ಅನ್ವರ್ ಅಂಕಲ್? ಆವತ್ತು ಬೆಂಕಿ ಕಂಡಿದ್ದನ್ನ ಅಳೀಬೇಕಿತ್ತು."

"ಆವತ್ತು ಸಂಜೆ ನಿಮ್ಮಪ್ಪ ಎಲ್ಲಮ್ಮಾ ಇದ್ರು? ಅವರು ಐದಕ್ಕೇ ಹೋಗ್ಬಿಡ್ತಾರಲ್ಲ, ದಿನಾ," ಅಂದುಬಿಟ್ಟು ಅನ್ವರ್ ಮಾತು ತಡೆದ. ಆಮೇಲೆ ಮೆಲ್ಲಗೆ, "ಚಾ ಕುಡೀತೀಯೇನಮ್ಮ?" ಅಂದ.

ಸುಮಾ ಚಾ ಕುಡಿಯಲಿಲ್ಲ. ನಿಜ ಹೇಳಬೇಕೆಂದರೆ ಅವಳ ತಲೆಯಲ್ಲಿ ಆ ಹೊತ್ತು ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಪ್ಪ ಅಲ್ಲಿರಲಿಲ್ಲ ಅಂದರೆ ಅವನ ಗೆರೆ ತಪ್ಪಲ್ಲ, ಎಳೆದ ಜಾಗ ತಪ್ಪು! ರೈಲು ಹೋಗುವಾಗ ಈ ಪ್ಲಾಟ್‌ಫಾರ್ಮಿನವನಿಗೆ ಎಂಜಿನ್ನು ಬಲಕ್ಕೆ ಹೋದರೆ ಎದುರಿನವನಿಗೆ ಎಡಕ್ಕೆ ಹೋಗುತ್ತದೆ. ಅಪ್ಪ ಬೆಂಕಿಯ ದಾರಿಯ ಆಚೆ ಮಗ್ಗುಲಲ್ಲಿದ್ದ, ಪಡುವಣಕ್ಕೆ. ಅವಳು ಕಚೇರಿಗೆ ಹಾರಿ ಹೋಗಿ ಅಪ್ಪ ತೋರಿಸಿದ ದಿಕ್ಕನ್ನು ದೊಡ್ಡಬಳ್ಳಾಪುರದ ಕಡೆಯ ಚುಕ್ಕೆಗಳಿಂದ ಹಿಂದಕ್ಕೆ ಎಳೆದಳು. ಗೆರೆ ಸೀದಾ ಬಂದು ಚಿಕ್ಕಬಾಣಾವರದ ಮೇಲೆ ಕೂತಿತು. ಹೆಸರಘಟ್ಟದ ಚುಕ್ಕೆಗಳಿಂದ ಎಳೆದರೆ ಮನೆ ಮಠ ಇಲ್ಲದ ಗುಡ್ಡದ ಬದಿಗೆ ಹೋಗುತ್ತಿತ್ತು. ಅಪ್ಪನ ಒಂದು ಮಾತಿನಿಂದ ಗಂಟು ಬಿಚ್ಚಿಕೊಂಡಿತ್ತು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಅಮ್ಮ ರಾಧಾಮಣಿ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಡುತ್ತಿದ್ದಳು. ಸುಮಾಗೆ ತಡೆಯಲಾಗಲಿಲ್ಲ.

"ಅಪ್ಪ, ನೀನು ಎಲ್ಲಿದ್ದೆ ಅಂತ ನಾನು ಕಂಡುಹಿಡಿದುಬಿಟ್ಟೆ!" ಅಂದಳು, ನಗುತ್ತ. "ನೀನು ಗೋಡೌನ್‌ನಲ್ಲಿ ಇರ್ಲೇ ಇಲ್ಲ. ಆವತ್ತು ಸಂಜೆ ನೀನು ಚಿಕ್ಕಬಾಣಾವರದಲ್ಲಿದ್ದೆ. ಹೌದೋ ಅಲ್ವೋ?"

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅಮ್ಮ ಸಾರಿನ ಸೌಟನ್ನು ಪಾತ್ರೆಗೆ ಇಳಿಬಿಟ್ಟಳು.

"ನಮ್ ಲೆಕ್ಕ ಎಷ್ಟು ಕರೆಕ್ಟ್ ಇದೆ ನೋಡಮ್ಮ, ಮನುಷ್ಯ ನಿಂತಿದ್ದ ಊರನ್ನೇ..." ಎಂದವಳು ಅಮ್ಮನ ಮುಖ ಕಂಡು ಬಾಯಿ ಮುಚ್ಚಿಕೊಂಡಳು.

"ಹೌದಾ?" ಅಂದಳು ಅಮ್ಮ, ಅಪ್ಪನನ್ನು ನೋಡದೆ.

ಅಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದ. ಅಮ್ಮ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಆಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕೂತು ಅಪ್ಪ ಹೇಳಿದ ಮೇಲೆಯೇ ಸುಮಾಗೆ ತಾನು ಏನು ಮಾಡಿದೆ ಅನ್ನುವುದು ಗೊತ್ತಾದದ್ದು. ಅಪ್ಪನಿಗೆ ಸೊಣ್ಣಮ್ಮ ಅಂತ ಒಬ್ಬಳು ಅಕ್ಕ ಇದ್ದಾಳೆ, ಅವಳೊಂದಿಗೆ ಮಾತಿಲ್ಲ ಎಂಬಷ್ಟು ಅವಳಿಗೆ ತಿಳಿದಿತ್ತು. ಎಲ್ಲಿದ್ದಾಳೆ, ಯಾಕೆ ಮಾತಿಲ್ಲ ಅನ್ನುವುದು ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ. ಸುಮಾ ಹುಟ್ಟುವ ಮುಂಚೆ ಅಪ್ಪ-ಅಮ್ಮನಿಗೆ ಒಂದು ಗಂಡು ಮಗು ಇತ್ತು. ಎರಡು ವರ್ಷದ್ದು. ಅಮ್ಮ ತನ್ನ ತಾಯಿಯ ತಿಥಿಗೆಂದು ತವರಿಗೆ ಹೋಗುವಾಗ ಮಗುವನ್ನು ಸೊಣ್ಣಮ್ಮನ ಬಳಿ ಬಿಟ್ಟಿದ್ದಳು. ಮಗುವಿಗೆ ಜ್ವರ ಬಂತು. ಬೆಳಗಾದರೆ ಇಳಿಯುತ್ತದೆ ಅಂತ ಸೊಣ್ಣಮ್ಮ ತಾಯತ ಕಟ್ಟಿಸಿ, ಒದ್ದೆ ಬಟ್ಟೆ ಹಾಕಿ, ಮಡಿಲಲ್ಲಿ ಇಟ್ಟುಕೊಂಡು ಕೂತಳು. ಬೆಳಿಗ್ಗೆ ಆಸ್ಪತ್ರೆಗೆ ಎತ್ತಿಕೊಂಡು ಓಡುವ ಹೊತ್ತಿಗೆ ಕೈ ಮೀರಿತ್ತು. ಅಮ್ಮ ಅವತ್ತೇ ಗಂಡನ ಕೈಯಲ್ಲಿ ಭಾಷೆ ಹಾಕಿಸಿಕೊಂಡಳು: ಆ ಹೊಸಿಲು ತುಳಿಯಬಾರದು.

"ಇಪ್ಪತ್ತೆಂಟು ವರ್ಷ ತುಳೀಲಿಲ್ಲ ಕಣಮ್ಮ," ಅಂದ ಅಪ್ಪ. "ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೀತು. ಗಂಡ ಇಲ್ಲ, ಮಕ್ಕಳಿಲ್ಲ. ಪಕ್ಕದ ಮನೆ ಚನ್ನಕ್ಕ ಹಗಲು ನೋಡ್ಕೋತಾಳೆ. ಸಂಜೆ ಅವಳಿಗೂ ಮನೆ-ಮಠ ಇರುತ್ತಲ್ಲ. ನಾನು ಹೋಗಿ ಕೈಕಾಲಿಗೆ ಎಣ್ಣೆ ತಿಕ್ಕಿ, ಎರಡು ತುತ್ತು ತಿನ್ಸಿ ಬರ್ತಿದ್ದೆ. ನನ್ನನ್ನ ಎತ್ತಿ ಆಡಿಸಿದವಳು."

"ನಂಗೆ ಗೊತ್ತಿರ್ಲಿಲ್ಲಪ್ಪ."

"ನಿಂಗೆ ಹೆಂಗೆ ಗೊತ್ತಾಗ್ಬೇಕು," ಅಂದ ಅವನು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರದಿಂದ ಅಪ್ಪ ಚಿಕ್ಕಬಾಣಾವರಕ್ಕೆ ಹೋಗುವುದನ್ನು ನಿಲ್ಲಿಸಿದ. ಅಮ್ಮ ಹೋಗಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚನ್ನಕ್ಕನಿಗೆ ಫೋನ್ ಮಾಡಿ ಸಂಜೆಯೂ ನೋಡಿಕೊಳ್ಳಲು ಒಪ್ಪಿಸಿದ್ದೇನೆಂದು ಅಪ್ಪ ಸುಮಾಗೆ ಒಂದು ಸಾಲಿನಲ್ಲಿ ಹೇಳಿದ, ಅಷ್ಟೆ.

ಇತ್ತ ಮಹೇಂದ್ರನಿಗೆ ಆತುರ. ಮಳೆ ಬಂದರೆ ಕಲ್ಲು ಕೆಡುತ್ತದೆ, ಬೇಗ ಹುಡುಕಬೇಕು, ಹುಡುಕುವ ಜಾಗ ಇನ್ನೂ ಕಿರಿದಾಗಬೇಕು. "ಪಡುವಣದ ಸಾಕ್ಷಿ ಒಂದೇ ಒಂದು ಇರೋದು. ಆ ಕಿಟಕಿ ಎಲ್ಲಿದೆ ಅಂತ ಅಳತೆ ತಗೊಂಡು ಬಾ," ಅಂದ. ಸುಮಾ ಅಪ್ಪನಿಂದ ವಿಳಾಸ ಕೇಳಿಕೊಂಡಳು. ಕೇಳುವಾಗ, ಅತ್ತೆಯನ್ನು ನೋಡಿ ಬಂದ ಹಾಗೂ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಮನೆ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಒಂದೇ ಕೋಣೆ, ಪಕ್ಕದಲ್ಲಿ ಅಡಿಗೆಯ ಮೂಲೆ. ಬಡಗಣ ಕಿಟಕಿಯ ಪಕ್ಕ ಮಂಚ. ಮಂಚದ ಮೇಲೆ, ಬಾಯಿ ಒಂದು ಕಡೆ ಸೊಟ್ಟಗಾದ, ಅಪ್ಪನದೇ ಕಣ್ಣಿನ ಹೆಂಗಸು.

"ಭೀಮನ ಮಗಳಾ?" ಅಂದಳು ಸೊಣ್ಣಮ್ಮ. ಮಾತು ತೊದಲುತ್ತಿತ್ತು. "ಬಾ ತಾಯಿ, ಅತ್ರ ಬಾ. ಮೊಕ ತೋರ್ಸು. ಭೀಮ ಯಾಕೆ ಬರ್ಲಿಲ್ಲ?"

"ಕೆಲಸ ಜಾಸ್ತಿ ಅತ್ತೆ. ಬರ್ತಾರೆ."

"ಉಸಾರಾಗವ್ನಾ?"

"ಚೆನ್ನಾಗಿದಾರೆ."

ಸುಮಾ ಚೀಲದಿಂದ ದಿಕ್ಸೂಚಿ ತೆಗೆದಳು. ಕಿಟಕಿಯ ಸರಳುಗಳ ನಡುವಿನ ಅಂತರ ಅಳೆದಳು, ಎದುರು ಗೋಡೆ ಎಷ್ಟು ದೂರ ನೋಡಿದಳು, ಕಿಟಕಿಯಿಂದ ಕಾಣುವ ಮೊಬೈಲ್ ಟವರಿನ ದಿಕ್ಕು ಬರೆದುಕೊಂಡಳು. ಸೊಣ್ಣಮ್ಮ ಅವಳನ್ನೇ ನೋಡುತ್ತ ಮಲಗಿದ್ದಳು, ಎಂದೂ ಕಾಣದ್ದನ್ನು ಕಂಡ ಕಣ್ಣಿಗೆ ಹಬ್ಬವಾದ ಹಾಗೆ.

"ಆವತ್ತಿನ ಬೆಳಕು ನೀವೂ ನೋಡಿದ್ರಾ ಅತ್ತೆ?"

"ನೋಡ್ದೆ. ಭೀಮ ಗಂಜಿ ಕುಡಿಸ್ತಿದ್ದ. ಮನೆಯೆಲ್ಲ ಅಸಿರಾಗೋಯ್ತು. ಕರ್ಕೊಂಡೋಗೋಕೆ ಬಂದ್ರು ಕಣೋ ಅಂದೆ. ಅವ್ನು ನಕ್ಕ." ಅವಳೂ ನಗಲು ನೋಡಿದಳು. "ಚಿಕ್ಕೋನಾಗಿದ್ದಾಗ ನಗ್ತಿದ್ನಲ್ಲ, ಅಂಗೇ ನಕ್ಕ."

"ಟವರಿನ ಆ ಕಡೆ ಆರಿತೋ, ಈ ಕಡೆನೋ?"

"ಆ ಕಡೆ. ಎಡಕ್ಕೆ." ಸ್ವಲ್ಪ ಸುಧಾರಿಸಿಕೊಂಡು ಕೇಳಿದಳು: "ನಿಮ್ಮಮ್ಮ ಎಂಗವ್ಳೆ?"

ಸುಮಾ ಚೆನ್ನಾಗಿದ್ದಾಳೆ ಅಂದಳು. ಸೊಣ್ಣಮ್ಮ ಇನ್ನೇನೋ ಹೇಳಬೇಕೆಂದು ತುಟಿ ಕೂಡಿಸುತ್ತಿದ್ದಳು. ಅಷ್ಟರಲ್ಲಿ ಮಹೇಂದ್ರನ ಫೋನ್ ಬಂತು. ಸುಮಾ ಹೊರಗೆ ಹೋಗಿ ಅಳತೆಗಳನ್ನು ಓದಿ ಹೇಳಿದಳು. ಅವನು ಅಲ್ಲೇ ಲೆಕ್ಕ ಹಾಕಿ ಸಂತೋಷದಿಂದ ಕೂಗಿದ. ಒಳಗೆ ಬಂದು ಅವಳು, "ಮತ್ತೆ ಬರ್ತೀನಿ ಅತ್ತೆ, ಆಗ ಕೂತ್ಕೊಂಡು ಮಾತಾಡೋಣ," ಅಂದಳು. ಸೊಣ್ಣಮ್ಮ ಆಡುವ ಕೈಯನ್ನು ಎತ್ತಿ ಅವಳ ತಲೆ ಮುಟ್ಟಿದಳು.

ಮತ್ತೆ ಅವಳು ಹೋಗಲಿಲ್ಲ. ಹೋಗಬಾರದೆಂದಲ್ಲ. ಹುಡುಕಾಟ ಶುರುವಾಗಿತ್ತು. ರಾಜಾನುಕುಂಟೆಯ ಆಚೆ ಹೊಲ, ನೀಲಗಿರಿ ತೋಪು, ಒಣಗಿದ ಕೆರೆಯಂಗಳ. ಕಾಲೇಜಿನ ಹುಡುಗ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ನೆಲ ನೋಡುತ್ತ ನಡೆಸುವುದು, ಸಿಕ್ಕ ಸಿಕ್ಕ ಕರಿ ಕಲ್ಲಿಗೆಲ್ಲ ಆಯಸ್ಕಾಂತ ಹಿಡಿಯುವುದು. ಕೊನೆಗೆ ಕೆರೆಯಂಗಳದ ಬಿರುಕಿನಲ್ಲಿ ಅದು ಸಿಕ್ಕಿತು. ಬೇಯಿಸಿದ ಗೆಣಸಿನಷ್ಟು ಗಾತ್ರ, ಮೇಲೆ ಕಾಡಿಗೆ ಬಳಿದಂಥ ಸಿಪ್ಪೆ. ಕೈಯಲ್ಲಿ ಹಿಡಿದಾಗ ಸುಮಾಗೆ ಕಣ್ಣು ತುಂಬಿ ಬಂತು. ಪತ್ರಿಕೆಗಳಲ್ಲಿ ಅವಳ ಫೋಟೋ ಬಂತು. ಸನ್ಮಾನ, ಭಾಷಣ, ಪುಣೆಗೆ ಹೋಗಿ ಒಂದು ಪ್ರಬಂಧ. ಅತ್ತೆಗೆ ಪತ್ರಿಕೆ ತೋರಿಸಿ ಬರಬೇಕು ಎಂದು ಅವಳು ಎರಡು ಮೂರು ಭಾನುವಾರ ಅಂದುಕೊಂಡದ್ದು ನಿಜ.

ಯುಗಾದಿ ಕಳೆದು ಮೊದಲ ಮಳೆ ಬಿದ್ದ ವಾರ ಚನ್ನಕ್ಕನ ಫೋನ್ ಬಂತು. ಸೊಣ್ಣಮ್ಮ ಬೆಳಿಗ್ಗೆ ಎದ್ದಿರಲಿಲ್ಲ.

ಅಪ್ಪ ಫೋನ್ ಇಟ್ಟು ಗೋಡೆಗೆ ಒರಗಿ ಕೂತ. ಅಮ್ಮ ಅಡಿಗೆಮನೆಯಿಂದ ಬಂದು ನೋಡಿದಳು. ಒಲೆ ಆರಿಸಿದಳು. ಸೀರೆ ಬದಲಿಸಿಕೊಂಡು ಬಂದು, "ಏಳಿ, ಆಟೋ ಕರೀಲಿ ಸುಮಾ," ಅಂದಳು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಆಟೋ ತುಂಬಾ ಹೊತ್ತು ನಿಂತಿತು.

ಅಮ್ಮ ಆ ಹೊಸಿಲು ದಾಟಿ ಒಳಗೆ ಹೋದಳು. ಅತ್ತಿಗೆಯ ಹಣೆಗೆ ವಿಭೂತಿ ಹಚ್ಚಿದಳು, ಕೆದರಿದ ಕೂದಲು ಸರಿ ಮಾಡಿದಳು. ಅಳಲಿಲ್ಲ. ಎಲ್ಲ ಮುಗಿದು ಗಂಡಸರು ಸ್ಮಶಾನಕ್ಕೆ ಹೋದ ಮೇಲೆ, ಮನೆ ತೊಳೆಯುತ್ತಿದ್ದಾಗ, ಚನ್ನಕ್ಕ ಹೇಳಿದಳು: "ಬಾಗ್ಲು ಸದ್ದಾದ್ರೆ ಸಾಕು, ಭೀಮನಾ ಅನ್ನೋದು. ನಾನು ತಿನ್ಸಿದ್ರೆ ಒಂದು ತುತ್ತು ಒಳಗೆ ಓದ್ರೆ ಓಯ್ತು, ಇಲ್ದಿದ್ರೆ ಇಲ್ಲ. ಕೊನೆಕೊನೇಲಿ ಬಾಯೇ ತೆಗೀತಿರ್ಲಿಲ್ಲ."

ಚನ್ನಕ್ಕ ನೀರು ತರಲು ಹೋದಳು. ಸುಮಾ ಪೊರಕೆ ಹಿಡಿದುಕೊಂಡೇ ಅಮ್ಮನ ಹತ್ತಿರ ನಿಂತಳು.

"ಅಮ್ಮಾ, ನಾನು ಆವತ್ತು ಬಾಯಿ ಮುಚ್ಕೊಂಡಿದ್ದಿದ್ರೆ ಅಪ್ಪ ಬರ್ತಿದ್ದ. ನಿಂಗೆ ಗೊತ್ತೇ ಆಗ್ತಿರ್ಲಿಲ್ಲ."

ಅಮ್ಮ ಮಂಚದ ಮೇಲಿನ ಕಂಬಳಿ ಮಡಿಸುತ್ತಿದ್ದಳು. ಮಡಿಸಿ ಮುಗಿಸಿದ ಮೇಲೆ ಹೇಳಿದಳು:

"ನಂಗೆ ಗೊತ್ತಿತ್ತು ಕಣೇ."

ಸುಮಾಗೆ ಅರ್ಥವಾಗಲಿಲ್ಲ.

"ಲಕ್ವದ ಎಣ್ಣೆ ವಾಸನೆ ಅಂಗಿಯಿಂದ ಹೋಗುತ್ತಾ? ಒಗೀತಿದ್ದೋಳು ನಾನೇ ತಾನೆ? ಮೊದಲ್ನೇ ವಾರಾನೇ ಗೊತ್ತಾಯ್ತು. ಮಧ್ಯಾಹ್ನದ ಡಬ್ಬಿಗೆ ಒಂದು ಪಾಲು ಜಾಸ್ತಿ ಹಾಕ್ತಿದ್ದೆ. ಅದು ಯಾರ ಹೊಟ್ಟೆಗೆ ಹೋಗುತ್ತೆ ಅಂತ ನಾನು ಕೇಳ್ತಿರ್ಲಿಲ್ಲ, ಅವ್ರು ಹೇಳ್ತಿರ್ಲಿಲ್ಲ." ಅಮ್ಮ ಕಂಬಳಿಯನ್ನು ಮಂಚದ ಮೇಲೆ ಇಟ್ಟಳು, ಮತ್ತೆ ಎತ್ತಿಕೊಂಡಳು. "ನಂಗೆ ಗೊತ್ತಿಲ್ಲ ಅಂತ ಇದ್ದಷ್ಟು ದಿನ ಇವಳನ್ನ ನಾನು ಕ್ಷಮಿಸ್ಬೇಕಾಗಿರ್ಲಿಲ್ಲ. ಅವ್ರು ಬರ್ತಿದ್ರು, ಹೋಗ್ತಿದ್ರು. ನೀನು ತಟ್ಟೆ ಮುಂದೆ ಅಂದುಬಿಟ್ಟೆ. ಆಮೇಲೆ ಹೋಗಿ ಅನ್ನೋಕೆ ನನ್ ಬಾಯಿ ಬರ್ಬೇಕಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳೋಣ ಅನ್ಕೋತಿದ್ದೆ. ಮಗೂನ ಮುಖ ಕಣ್ಮುಂದೆ ಬರೋದು. ನಾಳೆ ಹೇಳಿದ್ರಾಯ್ತು ಅನ್ಕೋತಿದ್ದೆ."

"ಅಮ್ಮ..."

"ನಿನ್ನ ತಪ್ಪು ಅಂತ ಅಲ್ಲ. ನಂದೂ ಇದೆ," ಅಂದು ಅಮ್ಮ ಕಂಬಳಿಯನ್ನು ಚನ್ನಕ್ಕನಿಗೆ ಕೊಡಲು ಹೊರಗೆ ಹೋದಳು.

ಆ ವರ್ಷದ ಕೊನೆಗೆ ಮಹೇಂದ್ರ ಬರೆದ ವರದಿ ಹೊರಬಂತು. ಸಾಕ್ಷಿಗಳ ಪಟ್ಟಿಯಲ್ಲಿ ಪಡುವಣದ ಕಡೆಯಿಂದ ಎರಡು ಹೆಸರಿದ್ದವು: ಭೀಮರಾಜ್, ಸೊಣ್ಣಮ್ಮ. ಸುಮಾ ಅದನ್ನು ಮನೆಗೆ ತರಲಿಲ್ಲ. ಮಹೇಂದ್ರ ಕೇಳಿದಾಗ, ಅಪ್ಪನಿಗೆ ಇಂಗ್ಲಿಷ್ ಅಷ್ಟು ಬರಲ್ಲ ಅಂದಳು.

ಭೀಮರಾಜ್ ರಿಟೈರ್ ಆಗುವವರೆಗೂ ಐದೂವರೆಗೆಲ್ಲ ಮನೆಗೆ ಬಂದುಬಿಡುತ್ತಿದ್ದ. ರಾಧಾಮಣಿ ಕಾಫಿ ಕೊಡುತ್ತಿದ್ದಳು. ಅವನು ಲೋಟ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಒಂದೊಂದು ದಿನ ಅವಳೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಸುಮಾ ಕೆಲಸದಿಂದ ಬರುವಾಗ ಇಬ್ಬರೂ ಸ್ವಲ್ಪ ಸರಿದು ದಾರಿ ಬಿಡುತ್ತಿದ್ದರು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳು.